ಗಾಜಿನ ಅಡ್ಡಣಿಗೆ

ಶಿರಾಳಕೊಪ್ಪದ ಬೆಲ್ಲದ ಮಂಡಿ ಮಲ್ಲಿಕಾರ್ಜುನಪ್ಪನವರ ಮನೆಯಲ್ಲಿ ಜಗಳಕ್ಕೆ ಬರವಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಜಗಳ, ಕಮ್ಮಿಯಾದರೆ ಜಗಳ, ಸರಿಯಾಗಿದ್ದರೆ ಯಾರೂ ಹೊಗಳಲಿಲ್ಲವೆಂದು ಜಗಳ. ಆದರೆ ಒಂದು ಹರಿದ ಹಾಳೆಗಾಗಿ ಮೂರು ತಲೆಮಾರಿನವರು ಊಟದ ತಟ್ಟೆ ಮುಂದಿಟ್ಟುಕೊಂಡು ಜಗಳವಾಡಿದ್ದು ೧೯೫೮ರ ಆ ನವರಾತ್ರಿಯಲ್ಲೇ ಮೊದಲು.

ಹಾಳೆ ತಂದವನು ಮಗ ಶಾಂತವೀರಪ್ಪ. ಶಿಕಾರಿಪುರದಲ್ಲಿ ಹೊಸ ಮನೆ ಕಟ್ಟಿಸಿದ್ದ ಡಾಕ್ಟರ್ ಪರಮಶಿವಪ್ಪನವರು ಯಾವುದೋ ಅಮೆರಿಕದ ಪತ್ರಿಕೆಯಿಂದ ಅದನ್ನು ಹರಿದು ಕೊಟ್ಟಿದ್ದರು. ಹಾಳೆಯಲ್ಲಿ ಒಂದು ಗಿಡ್ಡ ಮೇಜಿನ ಫೋಟೋ. ಮೇಲೆ ದಪ್ಪ ಗಾಜು, ಮೂರು ಮೂಲೆಯದು, ಮೂಲೆಗಳೆಲ್ಲ ದುಂಡಗೆ. ಕೆಳಗೆ ಮೊಣಕೈ ಮಡಚಿದ ಹಾಗೆ ಬಾಗಿದ ಎರಡೇ ಎರಡು ಮರದ ತುಂಡು. ಮೊಳೆಯಿಲ್ಲ, ಅಡ್ಡಪಟ್ಟಿಯಿಲ್ಲ, ನಾಲ್ಕು ಕಾಲೂ ಇಲ್ಲ.

"ಇದು ಕಾಫಿ ಟೇಬಲ್ಲು," ಎಂದ ಶಾಂತವೀರಪ್ಪ. "ಡಾಕ್ಟ್ರಿಗೆ ಥೇಟ್ ಇಂಥದ್ದೇ ಬೇಕಂತೆ. ಇದೊಂದು ಮಾಡಿಕೊಟ್ರೆ ಕುರ್ಚಿ, ಮಂಚ, ಬೀರು ಎಲ್ಲ ನಮಗೇ ಹೇಳ್ತಾರಂತೆ."

"ಕಾಫಿ ಕುಡಿಯಾಕೆ ಕೈ ಐತೆ, ಲೋಟ ಐತೆ, ಬಾಯಿ ಐತೆ," ಎಂದರು ಮಲ್ಲಿಕಾರ್ಜುನಪ್ಪ, ರೊಟ್ಟಿ ಮುರಿಯುತ್ತ. "ನಡುವೆ ಟೇಬಲ್ ಯಾಕಪ್ಪ?"

"ಲೋಟ ಇಡಾಕೆ ಅಪ್ಪಾಜಿ."

"ಕಾಫಿ ಬಿಸಿ ಇದ್ದಾಗ ಕುಡೀಬೇಕು. ಇಡಬಾರ್ದು."

ಅಜ್ಜಿ ಹಾಲಮ್ಮ ಹಾಳೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಎಪ್ಪತ್ತು ದಾಟಿದ ಹೆಂಗಸು. ಮಂಡಿಯ ಲೆಕ್ಕಕ್ಕೆ ಮಗ ಯಜಮಾನ, ಉಳಿದದ್ದಕ್ಕೆಲ್ಲ ಆಕೆಯೇ.

"ಇದನ್ನ ಮಾಡಿದೋನು ಯಾವ ಊರೋನು?"

"ಶಿಲ್ಪಿಯಂತೆ ಅಜ್ಜಿ. ಅಪ್ಪ ಜಪಾನ್ ದೇಶದೋನು, ತಾಯಿ ಅಮೆರಿಕದಾಕೆ ಅಂತ ಡಾಕ್ಟ್ರು ಹೇಳಿದ್ರು."

"ಅದಕ್ಕೇ ಮತ್ತೆ. ಕಾಲು ಒಂದು ಆ ಕಡಿಗೆ ಹೋಗೈತೆ, ಒಂದು ಈ ಕಡಿಗೆ ಹೋಗೈತೆ."

ಎಲ್ಲರೂ ನಕ್ಕರು. ಮಲ್ಲಿಕಾರ್ಜುನಪ್ಪನವರಿಗಂತೂ ರೊಟ್ಟಿ ನೆತ್ತಿಗೇರಿತು. ಆ ಗದ್ದಲದಲ್ಲಿ ಅಡುಗೆಮನೆಯ ಬಾಗಿಲಿಂದ ಒಂದು ದನಿ ಬಂತು.

"ಎರಡೂ ಸೇರಿ ಗಾಜು ಹೊತ್ತಾವಲ್ಲ ಅಜ್ಜಿ."

ನಗು ನಿಂತಿತು. ಮಾತಾಡಿದ್ದು ಸೊಸೆ ನೀಲಾಂಬಿಕ. ಸೊರಬದ ಹುಡುಗಿ, ಮದುವೆಯಾಗಿ ಬಂದು ಒಂದು ವರ್ಷ. ಮಾವನ ಎದುರು ಬಾಯಿ ಬಿಟ್ಟದ್ದು ಅದೇ ಮೊದಲು. ಅತ್ತೆ ರಾಜೇಶ್ವರಮ್ಮ ಅವಳನ್ನು ಕಣ್ಣಲ್ಲೇ ಒಳಗೆ ತಳ್ಳಿದರು.

ಮಲ್ಲಿಕಾರ್ಜುನಪ್ಪನವರು ನೀರು ಕುಡಿದು ತೀರ್ಮಾನ ಹೇಳಿದರು. ಮನೆಯ ಹಿಂದಿನ ಗೋದಾಮನ್ನು ಮರಗೆಲಸಕ್ಕೆ ಕೊಡಿ ಎಂದು ಶಾಂತವೀರಪ್ಪ ಎರಡು ವರ್ಷದಿಂದ ಅವರ ತಲೆ ತಿನ್ನುತ್ತಿದ್ದ. "ಕಾರ್ತಿಕ ಮುಗಿಯೋ ಹೊತ್ತಿಗೆ ಹೊಸ ಬೆಲ್ಲ ಬರ್ತೈತೆ. ಅಷ್ಟರೊಳಗೆ ಡಾಕ್ಟ್ರು ಈ ಟೇಬಲ್ ಒಪ್ಪಿ ಮನೀಗೆ ಒಯ್ದರೆ ಗೋದಾಮು ನಿಂದು. ಇಲ್ಲಾಂದ್ರೆ ಗೋದಾಮಿಗೆ ಬೆಲ್ಲ, ಮಂಡಿ ಗಾದಿ ಮ್ಯಾಲೆ ನೀನು. ಆಮೇಲೆ ಮರದ ಮಾತು ಈ ಮನ್ಯಾಗೆ ಎತ್ತಂಗಿಲ್ಲ."

ಈ ಶರತ್ತು ಬಿದ್ದದ್ದು ಶಾಂತವೀರಪ್ಪನ ತಲೆಯ ಮೇಲೆ, ಎದೆ ಹೊಡೆದುಕೊಂಡದ್ದು ನೀಲಾಂಬಿಕಳದು. ಸೊರಬದಲ್ಲಿ ಅವಳ ತವರಿನ ಪಕ್ಕದ ಮನೆಯವರು ಗಂಧದ ಕೆತ್ತನೆಯವರು. ಅವರ ಜಗಲಿಯಲ್ಲೇ ಬೆಳೆದು, ಪೆಟ್ಟಿಗೆಗಳ ಮೇಲಿನ ಬಳ್ಳಿ ನವಿಲುಗಳನ್ನು ಕಾಗದದ ಮೇಲೆ ಬರೆದುಕೊಟ್ಟ ಕೈ ಅವಳದು. ಈ ಮನೆಗೆ ಬಂದಮೇಲೆ ಆ ಕೈಗೆ ರೊಟ್ಟಿ ಬಿಟ್ಟರೆ ಬೇರೆ ಕಸುಬಿಲ್ಲ. ಗಂಡ ಮಾಡಿಸುವ ಕುರ್ಚಿಯ ನಕ್ಷೆ ತಿದ್ದುವುದೊಂದೇ ಅವಳ ಸುಖ. ಗಂಡ ಗಾದಿಯೇರಿದರೆ ಅದಕ್ಕೂ ಕಲ್ಲು ಬೀಳುತ್ತದೆ. ಗೋದಾಮು ಸಿಗಬೇಕೆಂಬ ಆಸೆ ಗಂಡನಿಗಿಂತ ಅವಳಿಗೇ ಹೆಚ್ಚಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಮಾರನೆಯ ದಿನವೇ ಹಿತ್ತಲಿಗೆ ಬಡಗಿ ರಜಾಕ್ ಬಂದ. ಒಳ್ಳೆಯ ಕೆಲಸಗಾರ, ಅದನ್ನು ಅವನೇ ಎಲ್ಲರಿಗಿಂತ ಮೊದಲು ಹೇಳುವವನು.

"ಶಿವಮೊಗ್ಗೆ ಬಂಗ್ಲೆಗಳಿಗೆ ಸಾಮಾನು ಮಾಡೀನಿ ಸಾವ್ಕಾರ್ರೆ, ಇದ್ಯಾವ ಲೆಕ್ಕ. ನಾಳಿದ್ದು ನಿಲ್ಲಿಸ್ತೀನಿ."

ಹಲಸಿನ ಹಲಗೆಯಲ್ಲಿ ಎರಡು ಕಾಲು ಕೊಯ್ದ. ಮಂಚಕ್ಕೆ ಕೊಯ್ಯುವಂತೆ ಒಂದು ಎಡದ್ದು, ಒಂದು ಬಲದ್ದು. ನಾಳಿದ್ದು ನಿಲ್ಲಿಸಿದ. ಅದು ನಿಲ್ಲಲಿಲ್ಲ, ಸುಸ್ತಾದ ಎಮ್ಮೆಯ ಹಾಗೆ ಮಗ್ಗುಲಿಗೆ ಮಲಗಿತು. ಮತ್ತೆ ಕೊಯ್ದ, ಮತ್ತೆ ಮಲಗಿತು. ದೀಪಾವಳಿಯ ಹೊತ್ತಿಗೆ ಹಿತ್ತಲಲ್ಲಿ ಸೊಟ್ಟ ಕಾಲುಗಳ ರಾಶಿಯೇ ಬಿದ್ದಿತ್ತು. ರಾಜೇಶ್ವರಮ್ಮ ಅದರಲ್ಲಿ ನೀರೊಲೆಗೆ ಸೌದೆ ಆರಿಸತೊಡಗಿದರು.

"ಹಿಂದುಗಡೆ ಒಂದು ಸಣ್ಣ ಕಾಲು ಕೊಟ್ಬಿಡಾನ," ಎಂದ ರಜಾಕ್. "ಮುಂದಿಂದ ನೋಡಿದ್ರೆ ಕಾಣಂಗಿಲ್ಲ."

"ಗಾಜಿನ ಟೇಬಲ್ಲೋ ಮಾರಾಯ, ಎಲ್ಲಿಂದ ನೋಡಿದ್ರೂ ಕಾಣ್ತೈತೆ," ಎಂದ ಶಾಂತವೀರಪ್ಪ.

"ಹಂಗಾದ್ರೆ ಆ ಜಪಾನಿನೋನ್ನೇ ಕರೆಸ್ರಿ."

ರಜಾಕ್ ಬಾಚಿ ಹೆಗಲಿಗೇರಿಸಿಕೊಂಡು ಹೊರಟೇ ಹೋದ. ಕುದಿಸಿಟ್ಟ ಚಹಾ ಹಾಗೇ ಉಳಿಯಿತು. ಶಾಂತವೀರಪ್ಪ ಅಂದು ಊಟಕ್ಕೆ ಕೂತವನು ಅನ್ನ ಕಲಸಿದ, ಉಣ್ಣಲಿಲ್ಲ. ಎದುರಿಗೆ ಕೂತ ಮಲ್ಲಿಕಾರ್ಜುನಪ್ಪನವರು ಅಂದೇ ಮಧ್ಯಾಹ್ನ ಮಂಡಿಯ ಗಾದಿಗೆ ಹೊಸ ಅರಳೆ ತುಂಬಿಸಲು ಹೇಳಿಕಳಿಸಿದರು.

ಮಾರನೆಯ ಬೆಳಗ್ಗೆ ನೀಲಾಂಬಿಕ ಒಲೆಯ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಕೈ ರೊಟ್ಟಿಯಲ್ಲಿತ್ತು, ತಲೆ ಹಿತ್ತಲಲ್ಲಿತ್ತು. ಒಂದು ಉಂಡೆ ತೆಗೆದು ಮಡಚಿದ ಮೊಣಕೈ ಮಾಡಿದಳು. ಇನ್ನೊಂದನ್ನೂ ಮಾಡಿದಳು. ಎರಡನ್ನೂ ಗಟ್ಟಿಯಾಗಲೆಂದು ಹೆಂಚಿನ ಮೇಲೆ ಬಾಡಿಸಿದಳು.

"ಹಿಟ್ಟಿನ ಸಂಗಡ ಏನೇ ಆಟ?" ಎಂದರು ರಾಜೇಶ್ವರಮ್ಮ.

"ಎಂತ ಇಲ್ಲ ಅತ್ತೆ."

"ಎಂತ ಅಂತೆ ಎಂತ. ಸೊರಬದೋರ ಎಂತ ಕೇಳಿ ಕೇಳಿ ಸಾಕಾತು. ರೊಟ್ಟಿ ಹೊತ್ತುತೈತೆ ನೋಡು."

ನೀಲಾಂಬಿಕ ರೊಟ್ಟಿ ತಿರುವಿ ಹಾಕಿ ಮತ್ತೆ ಆ ತುಂಡುಗಳನ್ನು ನೋಡಿದಳು. ಎರಡನ್ನೂ ಒಂದೇ ಕೈಯಲ್ಲಿ, ಒಂದೇ ರೀತಿ ಒತ್ತಿ ಮಾಡಿದ್ದರಿಂದ ಎಡಬಲ ಎಂದಿರಲಿಲ್ಲ, ಅಚ್ಚು ಒಂದೇ. ಜೋಡಿಯಾಗಲೆಂದು ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಆನಿಸಿದಳು. ನಿಂತಿತು. ನಡುವೆ ಒಂದು ಪೊರಕೆಯ ಕಡ್ಡಿ ಚುಚ್ಚಿದಳು. ಊದಿದರೂ ಬೀಳಲಿಲ್ಲ.

ಅಷ್ಟರಲ್ಲಿ ಬಿಸಿ ರೊಟ್ಟಿಗೆಂದು ಹಾಲಮ್ಮಜ್ಜಿ ಒಳಗೆ ಬಂದರು. ಬೈಯುತ್ತಾರೆಂದು ನೀಲಾಂಬಿಕ ಸೆರಗು ಅಡ್ಡ ಹಿಡಿದಳು. ಅಜ್ಜಿ ಸೆರಗು ಸರಿಸಿ ನೋಡಿದರು, ತುಪ್ಪದ ಗಿಂಡಿಯ ಮುಚ್ಚಳ ತೆಗೆದು ಅದರ ಮೇಲಿಟ್ಟರು.

"ಅಡ್ಡಣಿಗಿ ಮಾಡಿಯಲ್ಲೇ ಹುಡುಗಿ."

ಉಣ್ಣುವ ತಟ್ಟೆ ನೆಲಕ್ಕೆ ತಾಗಬಾರದೆಂದು ಲಿಂಗವಂತರ ಮನೆಗಳಲ್ಲಿ ಅಡಿಗೆ ಇಡುವ ಮೂರು ಕಾಲಿನ ಮರದ ಆಸರೆಯೇ ಅಡ್ಡಣಿಗೆ. ಹಾಲಮ್ಮ ಹುಟ್ಟಿದಾಗಿನಿಂದ ಅದರ ಮೇಲೆ ಉಂಡವರು.

"ಮೂರು ಕಡೆ ಹಿಡಿದೈತೆ ನೋಡು. ಮೂರು ಕಡೆ ಹಿಡಿದ್ರೆ ನೆಲ ಓರೆ ಇದ್ರೂ ತಟ್ಟೆ ಅಲುಗಂಗಿಲ್ಲ. ಆದ್ರೆ ಕಾಲು ಇಷ್ಟು ಹತ್ರ ಇರಬಾರ್ದು. ಅಗಲಿಸು."

"ಅಗಲಿಸಿದ್ರೆ ಚಂದ ಕಾಣಂಗಿಲ್ಲ ಅಜ್ಜಿ."

"ಚಂದ ಕಟ್ಕಂಡು ಏನು ಮಾಡ್ತೀಯ, ತಟ್ಟೆ ಮಗುಚಿದ್ರೆ?"

"ಹಂಗಾದ್ರೆ ಈ ಬಾಗು ದೊಡ್ಡದು ಮಾಡ್ತೆ. ಚಂದಾನೂ ಆತು, ಅಗಲಾನೂ ಆತು."

"ಮಾಡು ನೋಡಾನ. ಹಿಟ್ಟು ತಗಾ ಇನ್ನೊಂದಿಷ್ಟು."

ಒಂದು ವರ್ಷದಲ್ಲಿ ಅಜ್ಜಿ ಮೊಮ್ಮಗನ ಹೆಂಡತಿಯೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಇಬ್ಬರೂ ಒಲೆಯ ಮುಂದೆ ಮಂಡಿಯೂರಿ ಮುರಿದರು, ಕಟ್ಟಿದರು, ಕಚ್ಚಾಡಿದರು, ನಕ್ಕರು. ನೀಲಾಂಬಿಕಳ ಮುಖಕ್ಕೆ ರಕ್ತ ಏರಿತ್ತು. ತನ್ನ ಕೈ ತನಗೆ ವಾಪಸು ಸಿಕ್ಕಷ್ಟು ಖುಷಿಯಾಗಿತ್ತು ಅವಳಿಗೆ. ಮಧ್ಯಾಹ್ನ ಮಲ್ಲಿಕಾರ್ಜುನಪ್ಪನವರು ಬಂದು ಕೂತಾಗ ತಟ್ಟೆ ಖಾಲಿಯಿತ್ತು.

"ರೊಟ್ಟಿ ಎಲ್ಲಿ?"

"ಒಳಗೆ ನಿಂತಾವೆ," ಎಂದರು ರಾಜೇಶ್ವರಮ್ಮ ಮುಖ ಊದಿಸಿಕೊಂಡು. "ಕುಂದ್ರಿಸೋರು ಇಲ್ಲ."

ಶಾಂತವೀರಪ್ಪ ಹಿಟ್ಟಿನ ಟೇಬಲ್ಲನ್ನು ಮೊರದಲ್ಲಿಟ್ಟುಕೊಂಡು ಬಜಾರಿನಲ್ಲಿ ಓಡಿದ. ರಜಾಕ್ ಮನೆಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದವನು ಅದನ್ನು ನೋಡಿ ಎದ್ದು ನಿಂತ.

"ಒಂದು ಸೀದಾ, ಒಂದು ಉಲ್ಟಾ," ಎಂದ. "ನಾನೂ ಅದನ್ನೇ ಹೇಳಬೇಕು ಅಂತಿದ್ದೆ."

ಅವನು ಹಾಗೇನೂ ಅಂದುಕೊಂಡಿರಲಿಲ್ಲ. ಆದರೆ ಕೋಪ ಬಿಟ್ಟು ಅಂದೇ ಬಂದ. ಯಾರೋ ಕೆಡವಿದ ಹಳೇ ಮನೆಯೊಂದರಿಂದ ಶಾಂತವೀರಪ್ಪ ಬೀಟೆ ಮರದ ತೊಲೆ ಕೊಂಡು ತಂದ. ನೀಲಾಂಬಿಕ ಒಂದೇ ಕಾಗದ ಕತ್ತರಿಸಿಕೊಟ್ಟಳು, ಆ ಒಂದೇ ಅಚ್ಚಿನಲ್ಲಿ ಎರಡೂ ಕಾಲು ಕೊಯ್ದದ್ದಾಯಿತು. ರಜಾಕನೆದುರು ಅವಳು ಹಿತ್ತಲಿಗೆ ಹೋಗುವಂತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವಳು ಅಜ್ಜಿಗೆ ಹೇಳಬೇಕು, ಅಜ್ಜಿ ಮೊಮ್ಮಗನಿಗೆ, ಮೊಮ್ಮಗ ರಜಾಕನಿಗೆ. ಒಂದು ವಾರ ಹೀಗೇ ನಡೆಯಿತು.

"ಆ ಮೂಲೆ ಇನ್ನೊಂದು ನೂಲು ಇಳಿಸಬೇಕಂತೆ," ಎನ್ನುತ್ತಿದ್ದರು ಅಜ್ಜಿ.

"ಯಾರಂತೆ?" ಎಂದು ಕೇಳುತ್ತಿದ್ದರು ಮಲ್ಲಿಕಾರ್ಜುನಪ್ಪ, ಮಂಡಿಗೆ ಹೊರಟವರು.

"ನಾನಂತೆ," ಎನ್ನುತ್ತಿದ್ದರು ಅಜ್ಜಿ.

ಗಾಜು ಶಿವಮೊಗ್ಗೆಯಿಂದ ಬಸ್ಸಿನಲ್ಲಿ ಬಂತು. ಶಾಂತವೀರಪ್ಪ, ರಜಾಕ್ ಇಬ್ಬರೂ ಅದನ್ನು ಕೌದಿಯಲ್ಲಿ ಸುತ್ತಿ ಮೊಣಕಾಲ ನಡುವೆ ಹಿಡಿದುಕೊಂಡಿದ್ದರು. ಶಿಕಾರಿಪುರ ಮುಟ್ಟುವ ಹೊತ್ತಿಗೆ ಬಸ್ಸಿನವರೆಲ್ಲ ಆ ಗಾಜಿಗೆ ನೆಂಟರಾಗಿದ್ದರು. ಗುಂಡಿ ಬಂದರೆ ಹಿಂದಿನ ಸೀಟಿನಿಂದಲೇ "ಮೆಲ್ಲಕೆ, ಮೆಲ್ಲಕೆ" ಎಂದು ಕೂಗು. ಶಿರಾಳಕೊಪ್ಪದಲ್ಲಿ ಇಳಿಸುವಾಗ ಕಂಡಕ್ಟರ್ ತಾನೇ ಒಂದು ಕಡೆ ಕೈಕೊಟ್ಟ. ಸಂಜೆ ಹಿತ್ತಲಲ್ಲಿ ಬೀಟೆಯ ಕಾಲುಗಳ ಮೇಲೆ ಗಾಜು ಕೂತಿತು. ನೀಲಾಂಬಿಕ ಕಿಟಕಿಯ ಸರಳು ಹಿಡಿದು ನೋಡಿದಳು. ಶಾಂತವೀರಪ್ಪ ಒಂದು ಮೂಲೆ ಒತ್ತಿದ, ಇನ್ನೊಂದು ಮೂಲೆ ಒತ್ತಿದ. ಅಲುಗಲಿಲ್ಲ. ರಜಾಕ್ ತನ್ನ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದ. ರಾಜೇಶ್ವರಮ್ಮ ಕೂಡ "ಪರವಾಗಿಲ್ಲಪ್ಪ, ನಿಂತೈತೆ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಕಾರ್ತಿಕದ ಕಡೇ ಸೋಮವಾರ ನೋಡಲು ಬರುತ್ತೇನೆಂದು ಡಾಕ್ಟರು ಹೇಳಿಕಳಿಸಿದರು. ಭಾನುವಾರ ಊಟಕ್ಕೆ ಕೂತಾಗ ಶಾಂತವೀರಪ್ಪ ಆ ಸುದ್ದಿ ಹೇಳಿದ.

"ನಾಳೆನಾ?" ಎಂದರು ಹಾಲಮ್ಮಜ್ಜಿ. "ಬರ್ಲಿ ಬಿಡು, ಅವರೂ ಪ್ರಸಾದ ಮಾಡ್ಕಂಡು ಹೋಗ್ಲಿ. ನಾಳೆ ಮಠದ ಸ್ವಾಮಿಗಳನ್ನ ಕರೆದೀನಿ. ಹೊಸ ಅಡ್ಡಣಿಗಿ ಮ್ಯಾಲೆ ಪ್ರಸಾದ ಮಾಡಿಸ್ತೀನಿ ಅಂತ ಮಾತು ಕೊಟ್ಟೀನಿ."

ತುತ್ತು ಎತ್ತಿದ ಕೈಗಳು ನಿಂತವು.

"ಅಜ್ಜಿ, ಅದು ಅಡ್ಡಣಿಗೆ ಅಲ್ಲ. ಕಾಫಿ ಟೇಬಲ್ಲು."

"ಮೂರು ಕಡೆ ಹಿಡಿದು ತಟ್ಟೆ ಹೊರೋದು ಅಡ್ಡಣಿಗಿ. ನೀ ಏನಾರ ಅಂತ ಕರಿ."

"ಅದು ಡಾಕ್ಟ್ರಿಗೆ ಹೋಗೋದು."

"ಮನ್ಯಾಗೆ ಹೊಸ ಅಡ್ಡಣಿಗಿ ಬಂದ್ರೆ ಮೊದಲು ಜಂಗಮರು ಉಣ್ಣಬೇಕು, ಆಮೇಲೆ ನಾವು. ಸ್ವಾಮಿಗಳು ಉಂಡಿದ್ದನ್ನ ಮಾರ್ತಾರೇನೋ ಯಾರಾದ್ರೂ? ಡಾಕ್ಟ್ರು ಬರೇ ಚಿತ್ರ ಕೊಟ್ಟಾರೆ ಅನ್ಕಂಡಿದ್ದೆ ನಾನು. ಕೊಳ್ಳೋರು ಅಂತ ಯಾರು ಹೇಳಿದ್ರಿ ನನಗೆ?"

ಎಲ್ಲರೂ ಹೇಳಿದ್ದರು. ಆದರೆ ಅಡ್ಡಣಿಗೆ ಮಾರಾಟದ ಸಾಮಾನು ಎಂಬ ಮಾತು ಆ ಕಿವಿಯೊಳಗೆ ಇಳಿಯುವಂಥದ್ದಲ್ಲ. ಶಾಂತವೀರಪ್ಪ ಅಪ್ಪನ ಮುಖ ನೋಡಿದ.

"ಅವ್ವ ಮಾತು ಕೊಟ್ಟ ಮ್ಯಾಲೆ ಆತು," ಎಂದರು ಮಲ್ಲಿಕಾರ್ಜುನಪ್ಪ. "ಸ್ವಾಮಿಗಳು ಅದರ ಮ್ಯಾಲೇ ಪ್ರಸಾದ ಮಾಡ್ಲಿ. ನನ್ನ ಶರತ್ತೂ ಶರತ್ತೇ. ಕುಬಟೂರಿನ ಬೆಲ್ಲದ ಗಾಡಿ ನಾಳೆ ಸಂಜೀಗೆ ಬರ್ತಾವೆ."

ನೀಲಾಂಬಿಕ ಒಳಗೆ ಹೋಗಿ ಒರಳಿನ ಮುಂದೆ ಕೂತು ಅತ್ತಳು. ಅಜ್ಜಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಅದೇ ಅವಳ ಸಂಕಟ. ಅಜ್ಜಿ ಅದನ್ನು ಅಷ್ಟು ತನ್ನದೆಂದುಕೊಂಡಿದ್ದರು.

ಸೋಮವಾರ ಸ್ವಾಮಿಗಳು ಬಂದರು. ವಯಸ್ಸಾದವರು, ಸ್ಥೂಲ ಶರೀರ, ಮಂಡಿನೋವು. ಪಾದಪೂಜೆಯಾಯಿತು. ಪಡಸಾಲೆಯ ನಡುವೆ ಗಾಜಿನ ಅಡ್ಡಣಿಗೆ, ಅದರ ಮೇಲೆ ಬೆಳ್ಳಿಯ ತಟ್ಟೆ, ಮುಂದೆ ಮಣೆ. ಸ್ವಾಮಿಗಳು ಮಣೆಯ ಮೇಲೆ ಕೂತರು. ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು. ಆಗ ಎಲ್ಲರಿಗೂ ಗೊತ್ತಾಯಿತು. ನೆಲದಲ್ಲಿ ಕೂತವರಿಗೆ ಆ ತಟ್ಟೆ ಗದ್ದಕ್ಕೆ ಬರುತ್ತಿತ್ತು. ಸ್ವಾಮಿಗಳು ಕೈ ಎತ್ತಿ ಹೋಳಿಗೆ ಮುರಿಯಲು ನೋಡಿದರು. ತುಪ್ಪ ಮೊಣಕೈಗೆ ಹರಿಯಿತು. ಅಜ್ಜಿಯ ಮುಖ ಬಿಳಿಚಿಕೊಂಡಿತು.

ನೀಲಾಂಬಿಕ ಬಾಗಿಲಿಂದ ಓಡಿದಳು. ಮನೆಯ ಮುಂಭಾಗದ ಮಂಡಿಗೆ ನುಗ್ಗಿ, ಹೊಸ ಅರಳೆ ತುಂಬಿದ ಗಾದಿಯನ್ನು ಎಳೆದು ತಂದು, ಎರಡು ಮಡಿಕೆ ಮಾಡಿ, ಮೇಲೆ ಮಡಿಯ ಕಂಬಳಿ ಹಾಸಿದಳು.

"ಸ್ವಾಮಿಗಳು ಇದರ ಮೇಲೆ ಕೂರಬೇಕು, ಕಾಲು ಮಡಚೋದು ಬೇಡ," ಎಂದಳು ತಲೆ ತಗ್ಗಿಸಿ.

"ನನ್ನ ಗಾದಿ," ಎಂದರು ಮಲ್ಲಿಕಾರ್ಜುನಪ್ಪ ಮೆಲ್ಲಗೆ.

ಸ್ವಾಮಿಗಳು ಶಾಂತವೀರಪ್ಪನ ಕೈ ಹಿಡಿದು ಎದ್ದು ಅದರ ಮೇಲೆ ಕೂತರು. ಕಾಲು ಇಳಿಬಿಟ್ಟರು. ತಟ್ಟೆ ಈಗ ಸರಿಯಾಗಿ ಕೈಗೆ ಸಿಗುತ್ತಿತ್ತು. ಒಂದು ಹೋಳಿಗೆ ಹೋಯಿತು, ಎರಡನೆಯದೂ ಹೋಯಿತು, ಮೂರನೆಯದನ್ನು ಅವರೇ ಕೇಳಿ ಹಾಕಿಸಿಕೊಂಡರು.

"ಮಂಡಿ ನೋಯದಂಗೆ ಉಂಡು ಬಾಳ ವರ್ಷ ಆಗಿತ್ತು," ಎಂದರು. ಪ್ರಸಾದದ ಒಂದು ಕಣವೂ ಉಳಿಯಬಾರದೆಂಬ ಆಚಾರದಂತೆ ತಟ್ಟೆ ತೊಳೆದು ಆ ನೀರು ಕುಡಿದು, ಒರೆಸಿ, ಎತ್ತಿ ಪಕ್ಕಕ್ಕಿಟ್ಟರು.

ಡಾಕ್ಟರು ಆಗಲೇ ಬಂದು ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದರು. ಒಳಗೆ ಬಂದು ಮೇಜಿನ ಸುತ್ತ ಒಂದು ಸುತ್ತು ಹಾಕಿದರು, ಬಗ್ಗಿ ಗಾಜಿನ ಅಡಿಯಿಂದ ನೋಡಿದರು. ಅವರ ಮುಖ ಅರಳಿತು.

"ಫೋಟೋಕ್ಕಿಂತ ಚಂದ ಆಗೈತಲ್ರೀ. ನಡೀರಿ, ಜೀಪಿಗೆ ಏರಿಸಾನ."

"ಅದು ಹೋಗಂಗಿಲ್ಲ," ಎಂದರು ಹಾಲಮ್ಮಜ್ಜಿ. "ಸ್ವಾಮಿಗಳು ಪ್ರಸಾದ ಮಾಡ್ಯಾರೆ."

ಡಾಕ್ಟರೂ ಅದೇ ಆಚಾರದಲ್ಲಿ ಬೆಳೆದವರು. ಕೈ ಹಿಂದಕ್ಕೆ ತೆಗೆದುಕೊಂಡರು. "ನಮ್ಮನೀಗೆ ನೂರು ಜನ ಬರ್ತಾರೆ, ಕಾಲು ಚಾಚ್ತಾರೆ, ಸಿಗರೇಟಿನ ಬೂದಿ ಕೊಡವ್ತಾರೆ. ಇದರ ಮ್ಯಾಲೆ ಆಗಂಗಿಲ್ಲ ಬಿಡ್ರಿ. ಬೆಂಗಳೂರಾಗೆ ಏನಾದ್ರೂ ನೋಡ್ತೀನಿ." ಕೈಮುಗಿದು ಹೊರಟರು.

ಅವರು ಹೊಸ್ತಿಲು ದಾಟಬೇಕು, ಆಗ ನೀಲಾಂಬಿಕ ಅಂದಳು:

"ಡಾಕ್ಟ್ರೇ, ನಾನು ಇನ್ನೊಂದು ಮಾಡಿಕೊಡ್ತೆ."

"ನೀವು?"

"ಮಾತಾಡೋಕೆ ಗಂಡಸರು ಅದಾರೆ," ಎಂದು ರಾಜೇಶ್ವರಮ್ಮ ಸೊಸೆಯ ಸೆರಗು ಜಗ್ಗಿದರು.

"ಬಿಡು, ಮಾತಾಡ್ಲಿ," ಎಂದರು ಅಜ್ಜಿ. "ಮಾಡಿದಾಕಿ ಅವಳೇ. ನಾ ಬರೇ ಗಿಂಡಿ ಮುಚ್ಚಳ ಇಟ್ಟೀನಿ."

ಡಾಕ್ಟರು ಶಾಂತವೀರಪ್ಪನನ್ನು ನೋಡಿದರು.

"ಹೌದ್ರೀ," ಎಂದ ಅವನು. "ನಾವಿಬ್ರೂ ಗಂಡಸರು ತಿಂಗಳಿಡೀ ಸೌದೆ ಮಾಡಿದ್ವಿ. ನಿಲ್ಲಿಸಿದ್ದು ಆಕೆ."

ನೀಲಾಂಬಿಕ ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ದು ಇದಕ್ಕಿಂತ ಎರಡು ಬೆರಳು ತಗ್ಗು ಇರಬೇಕು ಡಾಕ್ಟ್ರೇ. ಮೆತ್ತನೆ ಕುರ್ಚಿ ಮ್ಯಾಲೆ ಕೂತೋರು ಒಳಗೆ ಕುಸೀತಾರೆ, ಅವರಿಗೆ ಇದು ಎತ್ತರ ಆತು. ಸ್ವಾಮಿಗಳನ್ನ ನೋಡಿದ ಮ್ಯಾಲೆ ನನಗೆ ಗೊತ್ತಾತು. ಸಂಕ್ರಾಂತಿ ಒಳಗೆ ಕೊಡ್ತೆ."

"ಕೊಡಿ ಹಂಗಾದ್ರೆ," ಎಂದರು ಡಾಕ್ಟರು. "ಕುರ್ಚಿಗಳ ಎತ್ತರಾನೂ ನೀವೇ ಹೇಳಿಬಿಡ್ರಿ."

"ಮಠಕ್ಕೂ ಒಂದು ಇರ್ಲಿ ತಾಯಿ," ಎಂದರು ಸ್ವಾಮಿಗಳು. "ಗಾಜು ಬೇಡ, ಹಲಗೆ ಸಾಕು. ಈ ಗಾದೀನೂ ಸೇರಿಸೇ ಕಳಿಸು."

ಸ್ವಾಮಿಗಳು ಹೋದರು, ಜೀಪೂ ಹೋಯಿತು. ಸಂಜೆ ಕುಬಟೂರಿನ ಗಾಡಿಗಳು ಬಂದು ಬಾಗಿಲಲ್ಲಿ ನಿಂತವು. ಹೊಸ ಬೆಲ್ಲದ ವಾಸನೆ ಮನೆಯೊಳಗೆಲ್ಲ ತುಂಬಿತು. ಹಮಾಲಿ ಜಟ್ಟಪ್ಪ ಮೊದಲ ಮೂಟೆ ಬೆನ್ನಿಗೇರಿಸಿಕೊಂಡು ಕೇಳಿದ.

"ಗೋದಾಮಿಗೆ ಇಳಿಸ್ಲೇನ್ರೀ?"

ಮಲ್ಲಿಕಾರ್ಜುನಪ್ಪನವರು ಗೋದಾಮಿನ ಕಡೆ ನೋಡಿದರು. ಡಾಕ್ಟರು ಒಪ್ಪಿದ್ದರು, ಟೇಬಲ್ ಒಯ್ದಿರಲಿಲ್ಲ. ಶರತ್ತಿನ ಮಾತು ಹಿಡಿದರೆ ಮಗ ಸೋತ ಹಾಗೆ. ಶಾಂತವೀರಪ್ಪ ಅದನ್ನು ತಿಳಿದೇ ತಲೆ ತಗ್ಗಿಸಿ ನಿಂತಿದ್ದ. ಆದರೆ ಇನ್ನೂ ಮಾಡಿಯೇ ಇರದ ಸಾಮಾನಿಗೆ ಒಂದೇ ದಿನ ಇಬ್ಬರು ಗಿರಾಕಿ ಬಂದದ್ದನ್ನು ಮಲ್ಲಿಕಾರ್ಜುನಪ್ಪನವರು ಇಷ್ಟು ವರ್ಷದ ಮಂಡಿಯಲ್ಲಿ ಕಂಡಿರಲಿಲ್ಲ. ಮಧ್ಯಾಹ್ನದಿಂದ ಅವರು ಅದನ್ನೇ ಮೆಲುಕು ಹಾಕುತ್ತಿದ್ದರು.

"ನೀಲಾಂಬಿಕ," ಎಂದು ಕರೆದರು. ಅದುವರೆಗೆ ಅವಳಿಗೆ ನೀರು ಬೇಕೆಂದರೂ ಹೆಂಡತಿಯ ಮೂಲಕವೇ ಹೇಳಿಸಿದವರು.

ಅವಳು ಬಂದು ನಿಂತಳು. ಜಟ್ಟಪ್ಪ ಮೂಟೆಯ ಭಾರಕ್ಕೆ ಬಗ್ಗಿ ಕಾಯುತ್ತಿದ್ದ.

"ಗೋದಾಮ್ನಾಗೆ ಎಷ್ಟು ಜಾಗ ಬೇಕಮ್ಮ ನಿನಗೆ?"

ಅವಳು ಗಂಡನನ್ನು ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ.

"ಪೂರಾ ಬೇಕು ಮಾವ."

ಅಜ್ಜಿಗೆ ನಗು ಬಂತು. ಮಲ್ಲಿಕಾರ್ಜುನಪ್ಪನವರು ಗಂಟಲು ಸರಿಮಾಡಿಕೊಂಡರು.

"ಪಡಸಾಲೆಗೆ ಇಳಿಸೋ ಜಟ್ಟಪ್ಪ."

"ಪಡಸಾಲೆಗಾ?" ಎಂದರು ರಾಜೇಶ್ವರಮ್ಮ. "ಇರುವೆ ಮುತ್ತಾವಲ್ರೀ."

"ಮುತ್ಲಿ."

ನೀಲಾಂಬಿಕ ಅಷ್ಟರಲ್ಲಿ ಹಿತ್ತಲಿಗೆ ಓಡಿಯಾಗಿತ್ತು. ಗೋದಾಮಿನ ಕದ ಎರಡೂ ತೆಗೆದು, ಕಿಟಕಿಗೆ ಗೋಡೆ ಎಲ್ಲಿ ಒಡೆಯಬೇಕೆಂದು ಅವಳು ಅಲ್ಲೇ ಕಾದು ಕೂತಿದ್ದ ರಜಾಕನಿಗೆ ತಾನೇ ಕೈಮಾಡಿ ತೋರಿಸುತ್ತಿದ್ದಳು.